ಮಾವನ ದೋಣಿಯ ಪರ್ಮಿಟ್ಟು

ಎಲ್ಲಕ್ಕೂ ಮೂಲ ಒಂದು ಒಣಗಿದ ಬ್ರೆಡ್ಡು.

ಮೀನು ಹಿಡಿಯುವುದಿರಲಿ, ಮುಟ್ಟುವುದೂ ಕೂಡದೆಂದು ಸರ್ಕಾರ ಬೇಲಿ ಹಾಕಿದಂತೆ ಕಾಪಾಡುತ್ತಿದ್ದ ಕೊಲ್ಲಿ ಅದು. ಅಲ್ಲಿ ಗಾಜಿನ ತಳದ ದೋಣಿಯಲ್ಲಿ ಜನರನ್ನು ಕೂರಿಸಿ ಮೀನು ತೋರಿಸಲು ಪರ್ಮಿಟ್ಟಿದ್ದದ್ದು ಕೊಲ್ಲಿ ಕಾಯುವ ಕಡಲ ಕಚೇರಿಯ ಗುಮಾಸ್ತನೊಬ್ಬನ ಮಾವನವರೊಬ್ಬರಿಗೇ. ಮೀನು ತಾನಾಗಿ ಬರಲೆಂದು ಕಾಯುವ ಜೀವವಲ್ಲ ಅವರದು. ಬ್ರೆಡ್ಡು ಚೂರು ಮಾಡಿ ನೀರಿಗೆ ಎಸೆಯತೊಡಗಿದರು. ಈಗ ಅವರ ಇಂಜಿನ್ನಿನ ಸದ್ದು ಕೇಳಿದರೆ ಸಾಕು, ಮೀನುಗಳು ಶಾಲೆ ಬಿಟ್ಟ ಮಕ್ಕಳಂತೆ ಓಡಿಬರುತ್ತಿದ್ದವು.

"ಅಲ್ಲಿ ಮೀನಿಗೆ ತಿನಿಸು ಹಾಕೋದು ಕಾನೂನಿಗೆ ವಿರುದ್ಧ. ಪರ್ಮಿಟ್ ರದ್ದು," ಎಂದರು ಕಡಲ ಕಚೇರಿಯ ಸಾಹೇಬರು ಗುಮಾಸ್ತನಿಗೆ. "ಸಂಜೆಯೊಳಗೆ ನಿಮ್ಮ ಮಾವನ ಕೈಗೆ ಆರ್ಡರ್ ಕೊಟ್ಟು ಸಹಿ ಹಾಕಿಸ್ಕೊಂಡು ಬನ್ನಿ. ಇಲ್ಲಾಂದ್ರೆ ನಾಳೆಯಿಂದ ನೀವೂ ಬರೋದು ಬೇಡ."

ಗುಮಾಸ್ತ ಮನೆಗೆ ಫೋನು ಮಾಡಿದ.

"ಕೊಡಿ, ಧಾರಾಳವಾಗಿ ಕೊಡಿ," ಎಂದಳು ಹೆಂಡತಿ. "ದೋಣಿ ನಿಂತ್ರೆ ಅಪ್ಪ ನಮ್ಮನೇಗೇ ಬಂದು ಇರ್ತಾರಂತೆ. ನಿಮ್ಮ ಚಾಪೆ ಅಡುಗೆಮನೇಲಿ ಹಾಕ್ತೀನಿ."

ಇರುವುದು ಎರಡೇ ಕೋಣೆ. ಮಾವನವರಿಗೋ ನಿದ್ದೆಯಲ್ಲೂ ಬಾಯಿ ಮುಚ್ಚುವ ಅಭ್ಯಾಸವಿಲ್ಲ. ಗುಮಾಸ್ತ ಬಿಸಿ ಹಂಚಿನ ಮೇಲೆ ನಿಂತವನಂತೆ ಕಾಲು ಬದಲಿಸುತ್ತಾ ದೋಣಿಕಟ್ಟೆಗೆ ಬಂದ.

"ಮಾವ, ಆಫೀಸಿಂದ ಒಂದು ಕಾಗದ..."

"ದಡದ ಮೇಲೆ ನಾನು ನಿಮಗೆ ಮಾವ. ಆಫೀಸಿನ ಮಾತೇನಿದ್ರೂ ನೀರಿನ ಮೇಲೆ. ಹತ್ತಿ ಅಳಿಯಂದ್ರೆ."

ಬಕೆಟ್ಟಿನ ನೀರು ಅಲುಗಾಡಿದರೂ ತಲೆ ಸುತ್ತುವ ಪ್ರಾಣಿ ಅವನು. ಇಷ್ಟು ವರ್ಷ ಕಡಲ ಕಚೇರಿಯಲ್ಲಿದ್ದೂ ಕುರ್ಚಿ ಬಿಟ್ಟು ಕದಲಿರಲಿಲ್ಲ. ಬೇರೆ ದಾರಿಯಿಲ್ಲದೆ ಹತ್ತಿದ. ದೋಣಿಯಲ್ಲಿ ರಿಟೈರಾದ ಟೀಚರಮ್ಮ, ಒಬ್ಬ ಟೈಲರು, ಅವನ ಸಂಸಾರ.

ಕೊಲ್ಲಿಯ ನಡುವೆ ಆರ್ಡರು ಕೊಟ್ಟ. ಮಾವ ಕನ್ನಡಕ ಒರೆಸಿಕೊಂಡು ಓದಿದರು, ಸಹಿ ಹಾಕಿದರು, ಇಂಜಿನ್ ಆರಿಸಿದರು.

"ಯಾಕೆ ಮಾವ ನಿಲ್ಲಿಸಿದ್ರಿ?"

"ಸಹಿ ಬಿತ್ತಲ್ಲ. ಇನ್ನು ಈ ದೋಣಿಗೆ ಪರ್ಮಿಟ್ಟಿಲ್ಲ. ಇಂಜಿನ್ ಹಚ್ಚಿದ್ರೆ ಕೇಸು."

"ದಡದ ತನಕ ಹೋಗಬಹುದು ಮಾವ..."

"ತಕ್ಷಣದಿಂದ ಅಂತ ಹಾಕಿದೀರಲ್ಲ?"

ಹಾಕಿತ್ತು. ಟೈಪು ಮಾಡಿದವನು ಅವನೇ.

"ಈಜಿ ಹೋಗಿ ಬೇರೆ ದೋಣಿ ತನ್ನಿ," ಎಂದರು ಟೀಚರಮ್ಮ, ಚಾಕ್‌ಪೀಸು ತರಲು ಕಳಿಸುವಂತೆ.

"ಈಜೋಕೂ ಪರ್ಮಿಟ್ ಬೇಕು ಟೀಚರ್, ಬೋರ್ಡಿದೆ," ಎಂದ ಟೈಲರು. "ನನ್ನ ಗಿರಾಕಿ ಮದುವೆ ಕೋಟು ಸಂಜೆಗೆ ಕೊಡಬೇಕು. ವರ ಬನಿಯನ್ನಲ್ಲೇ ನಿಂತ್ಕೋಬೇಕಾ?"

ನಿಂತ ದೋಣಿ ತೊಟ್ಟಿಲಿನಂತೆ ತೂಗತೊಡಗಿತು. ಗುಮಾಸ್ತನ ಮುಖ ಹಸಿರಾಯಿತು, ಆಮೇಲೆ ಹಳದಿಯಾಯಿತು. ಅಂಚಿಗೆ ಬಗ್ಗಿದವನೇ ಬೆಳಗಿನ ತಿಂಡಿಯನ್ನೆಲ್ಲ ಕಡಲಿಗೆ ಒಪ್ಪಿಸಿಬಿಟ್ಟ.

ಗಾಜಿನ ಕೆಳಗೆ ಬಣ್ಣಬಣ್ಣದ ಮೀನುಗಳು ಸಂತೆಯಂತೆ ನೆರೆದವು. ಟೈಲರನ ಮಕ್ಕಳು ಚಪ್ಪಾಳೆ ತಟ್ಟಿದರು.

"ಬ್ರೆಡ್ಡಿಗೂ ಇಷ್ಟು ಬಂದಿರಲಿಲ್ಲ," ಎಂದರು ಮಾವ, ಮನಸಾರೆ ಮೆಚ್ಚಿ.

ಗುಮಾಸ್ತ ಸಾಹೇಬರಿಗೆ ಫೋನು ಹಚ್ಚಿದ. ಅವರು ಮೊದಲು ಬೈದರು. ಆಮೇಲೆ ಹಿಂದಿನಿಂದ ಟೀಚರಮ್ಮ ಪೇಪರಿನವರಿಗೆ ಹೇಳುತ್ತೇನೆನ್ನುವುದು ಕಿವಿಗೆ ಬಿದ್ದು ಮೆತ್ತಗಾದರು.

"ರದ್ದು ಬೇಡ. ಪರ್ಮಿಟ್ ತಿದ್ದುಪಡಿ ಮಾಡೋಣ. ನಿಮ್ಮ ಮಾವ ಮೀನಿಗೆ ಏನೂ ಹಾಕಬಾರದು. ಅದನ್ನ ನೋಡ್ಕೊಳ್ಳೋಕೆ ದಿನಾ, ಪ್ರತಿ ಟ್ರಿಪ್ಪಿಗೂ ಆಫೀಸಿನವರೊಬ್ಬರು ದೋಣೀಲಿರಬೇಕು."

ಗುಮಾಸ್ತನಿಗೆ ಹೋದ ಜೀವ ಬಂತು. ಕೆಲಸ ಉಳಿಯಿತು. ಮಾವ ಮನೆಗೆ ಬರುವುದಿಲ್ಲ.

"ಯಾರನ್ನ ಕಳಿಸ್ತೀರಿ ಸಾರ್?"

"ಕಳಿಸೋದೇನು, ನೀವು ಹತ್ತಿದೀರಲ್ಲ."

ಮಾವ ಇಂಜಿನ್ ಹಚ್ಚಿ, ಅಳಿಯನ ಬೆನ್ನು ಸವರಿದರು.

"ನಾಳೆ ಬೇಗ ಬನ್ನಿ ಅಳಿಯಂದ್ರೆ. ಹೊಟ್ಟೆ ತುಂಬ ತಿಂಡಿ ತಿಂದ್ಕೊಂಡೇ ಬನ್ನಿ. ಇನ್ನು ಮೀನಿಗೆ ನಾನು ಹಾಕೋ ಹಾಗಿಲ್ಲ."