ಕೋಣನ ಮದ್ದಿಗೆ ಹಾಕಿದ ತ್ರೈರಾಶಿ

ಬುದ್ಧಿವಂತನಿಗೆ ಕಾಯಿಲೆ ಬಂದರೆ ಮನೆಯವರಿಗೆ ಎರಡು ಕಷ್ಟ: ಕಾಯಿಲೆಯದ್ದು ಒಂದು, ಬುದ್ಧಿಯದ್ದು ಇನ್ನೊಂದು. ಐವತ್ತರ ದಶಕದಲ್ಲಿ ನಾನು ಕಾಪುವಿನಲ್ಲಿ ಗಣಿತದ ಮೇಷ್ಟ್ರಾಗಿದ್ದಾಗ ನನ್ನ ಹೆಂಡತಿ ಗಿರಿಜ ಇವೆರಡನ್ನೂ ಒಂದೇ ದಿನ ಅನುಭವಿಸಿದಳು. ಕುಳಿತು ಇದನ್ನು ಬರೆಯುವಷ್ಟು ಜೀವ ನನ್ನಲ್ಲಿ ಉಳಿದಿದ್ದರೆ ಅದು ಅವಳಿಂದ, ಮತ್ತೆ ಅವಳ ಅಣ್ಣನಿಂದ.

ನಾವಿದ್ದದ್ದು ಆ ಅಣ್ಣನ, ಅಂದರೆ ಸಂಜೀವ ಭಾವನ ಮನೆಯಲ್ಲಿ. ಅವರು ಕಂಬಳದ ಓಟಕ್ಕೆಂದು ಕೋಣಗಳನ್ನು ಸಾಕಿದ್ದರು. ಅಂಥ ಮನೆಯಲ್ಲಿ ಹುರುಳಿ ಬೇಯುವುದು ಮೊದಲು ಕೋಣಗಳಿಗೆ, ಎಣ್ಣೆ ಕಾಯುವುದು ಕೋಣಗಳ ಬೆನ್ನಿಗೆ. ಮನುಷ್ಯರ ಸರದಿ ಆಮೇಲೆ. ಒಂದು ಚಳಿಗಾಲದಲ್ಲಿ ದೊಡ್ಡ ಕೋಣ ಕೆಮ್ಮಿತು. ಅದೇ ವಾರ ನಾನೂ ಕೆಮ್ಮಿದೆ. ಕೋಣನಿಗೆ ಕಾರ್ಕಳದಿಂದ ದನದ ಡಾಕ್ಟರು ಬಂದರು, ನನಗೆ ಅಡುಗೆಮನೆಯಿಂದ ಕರಿಮೆಣಸಿನ ಕಷಾಯ ಬಂತು. ಬಿದಿರಿನ ಗೊಟ್ಟದಲ್ಲಿ ಮದ್ದು ಕುಡಿದ ಕೋಣ ನಾಲ್ಕು ದಿನದಲ್ಲಿ ಗುಣವಾಯಿತು. ನಾನು ಮಾತ್ರ ಬೋರ್ಡಿನ ಮುಂದೆ ನಿಂತು ಕೆಮ್ಮುತ್ತಲೇ ಇದ್ದೆ. ಈ ಮನೆಯಲ್ಲಿ ಕೋಣನಿಗೆ ತರಿಸಿದ ಮದ್ದು ಕಳಪೆಯಾಗಿರಲು ಸಾಧ್ಯವೇ ಇಲ್ಲ ಎಂದುಕೊಂಡೆ. ಕೋಣನ ತೂಕಕ್ಕೆ ಅಷ್ಟಾದರೆ ನನ್ನ ತೂಕಕ್ಕೆ ಎಷ್ಟು? ತ್ರೈರಾಶಿ ಹಾಕಿದೆ, ಉತ್ತರ ಬಂತು, ಕೊಟ್ಟಿಗೆಯಿಂದ ಸೀಸೆ ತಂದು ಉತ್ತರವನ್ನು ಕುಡಿದೆ.

ಸ್ವಲ್ಪ ಹೊತ್ತಿನಲ್ಲೇ ಗಂಟಲು ಉರಿದು, ಎದೆ ಡವಗುಟ್ಟಿ, ಕಣ್ಣು ಕತ್ತಲೆ ಬಂದು ಜಗಲಿಯಲ್ಲಿ ಕುಸಿದೆ. ಗಿರಿಜ ಓಡಿಬಂದು ನನ್ನ ಮುಖದ ಹತ್ತಿರ ಬಾಗಿದಳು. “ಕೋಣನ ಮದ್ದಿನ ವಾಸನೆ ಬರ್ತದಲ್ಲ. ಎಂತ ಕುಡಿದದ್ದು ನೀವು?” ಹೇಳಿದೆ. ಬೈಯಲು ಅವಳಿಗೆ ಪುರುಸೊತ್ತಿರಲಿಲ್ಲ. ಸೀಸೆಯನ್ನು ಸೆರಗಿಗೆ ಕಟ್ಟಿಕೊಂಡು, ಅಣ್ಣನನ್ನು ಕರೆದು, ಬಾಡಿಗೆ ಕಾರಿನಲ್ಲಿ ನನ್ನನ್ನು ಉಡುಪಿಯ ಡಾಕ್ಟರ ಎದುರು ಮಲಗಿಸಿದಳು.

“ಲೆಕ್ಕ ಹಾಕಿಯೇ ಕುಡಿದದ್ದು” ಎಂದೆ, ಅಷ್ಟಾದರೂ ಮರ್ಯಾದೆ ಉಳಿಯಲಿ ಎಂದು.

“ಲೆಕ್ಕ ಸರಿ ಉಂಟು ಮಾಸ್ಟ್ರೇ,” ಎಂದರು ಡಾಕ್ಟರು. “ಆದ್ರೆ ಕೋಣನ ಹೊಟ್ಟೆಯೇ ಬೇರೆ, ನಿಮ್ಮದೇ ಬೇರೆ. ಅದಕ್ಕೆ ಮದ್ದಾದದ್ದು ನಿಮಗೆ ವಿಷ ಆಗ್ಬಹುದು. ಬರೀ ತೂಕ ನೋಡಿ ಮದ್ದು ಕೊಡುವುದಾದ್ರೆ ನಾನು ಆದಿ ಉಡುಪಿ ಸಂತೆಯಲ್ಲಿ ತಕ್ಕಡಿ ಹಿಡಿದು ಕೂತರೆ ಸಾಕಲ್ವಾ?” ಆಮೇಲೆ ಗಿರಿಜಳ ಕಡೆ ತಿರುಗಿ, “ಸೀಸೆ ತಂದದ್ದು ಒಳ್ಳೇದಾಯ್ತು ಅಮ್ಮ. ಅದಿಲ್ಲದಿದ್ರೆ ನಾನೂ ಕತ್ತಲೆಯಲ್ಲಿ ತಡಕಾಡಬೇಕಿತ್ತು” ಎಂದರು. ಬದುಕುತ್ತೇನೋ ಇಲ್ಲವೋ ಎಂದು ಮರುದಿನದವರೆಗೆ ಯಾರೂ ಹೇಳಲಿಲ್ಲ. ಗಿರಿಜ ನನ್ನ ಕೈ ಬಿಡಲಿಲ್ಲ.

ಕಣ್ಣು ಬಿಟ್ಟಾಗ ಭಾವ ಮಂಚದ ಪಕ್ಕದಲ್ಲೇ ಕೂತಿದ್ದರು. ಅಂದು ಕಂಬಳ. ಮಗಳ ನಿಶ್ಚಿತಾರ್ಥವನ್ನು ಅರ್ಧಕ್ಕೆ ಬಿಟ್ಟು ಕಂಬಳಕ್ಕೆ ಓಡಿದ್ದ ಮನುಷ್ಯ ಅವರು.

“ನೀವು ಹೋಗಲಿಲ್ವಾ ಭಾವ?”

“ಕೋಣಗಳು ಹೋಗಿವೆ. ನೀವು ಸುಮ್ಮನೆ ಮಲಗಿ.”

ನನಗೆ ಅಳು ಬಂತು. ಕೆಮ್ಮಿನ ನೆಪ ಮಾಡಿ ಗೋಡೆಯ ಕಡೆ ತಿರುಗಿದೆ.

ಯಜಮಾನನಿಲ್ಲದ ಕೋಣಗಳು ಸೋತು ಬಂದವು. ನಾನು ಮನೆಗೆ ಬಂದ ಮೇಲೆ ಪಡುಬಿದ್ರಿಯ ನೆಂಟರೊಬ್ಬರು ಜಗಲಿಯಲ್ಲಿ ಕೂತು ಕೇಳಿಯೇ ಬಿಟ್ಟರು: “ಈ ಸಲ ಎಂತಾಯ್ತು ಸಂಜೀವಣ್ಣ? ನೀವೂ ಕಾಣಲಿಲ್ಲ.” ನಾನು ತಲೆ ತಗ್ಗಿಸಿದೆ. ಭಾವ ವೀಳ್ಯಕ್ಕೆ ಸುಣ್ಣ ಹಚ್ಚುತ್ತ, “ದೊಡ್ಡ ಕೋಣನಿಗೆ ಈಗೀಗ ಓಡಲು ಉದಾಸೀನ ಮಾರಾಯ. ನೋಡಲು ಬೇಜಾರಾಗಿ ನಾನು ಹೋಗಲಿಲ್ಲ” ಎಂದರು.

ತಮ್ಮ ಕೋಣನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ಜಗಳಕ್ಕೆ ನಿಲ್ಲುವವರು, ನನ್ನ ಮಾನ ಕಾಯಲು ಆ ಮೂಕಪ್ರಾಣಿಯ ಮೇಲೆ ಅಪವಾದ ಹೊರಿಸಿದ್ದರು. ಭಾವನಿಗೆ ಕೈಮುಗಿಯಬಹುದು, ಮುಗಿದೆ. ಕೋಣನಿಗೆ ಏನು ಹೇಳುವುದು? ಆ ವರ್ಷವಿಡೀ ಕೊಟ್ಟಿಗೆಯ ಮುಂದೆ ಹೋಗುವಾಗ ನಾನು ಕೊಡೆ ಬಿಡಿಸಿ ಮುಖ ಮರೆಮಾಡಿಕೊಂಡೇ ಹೋಗುತ್ತಿದ್ದೆ.