ಟ್ರಾಕ್ಟರಿಗೆ ಚೈನು ತೊಡಿಸಿದ್ದು

ಒಂದು ವಸ್ತು ಹೇಗೆ ಕೆಲಸ ಮಾಡುತ್ತದೆಂದು ತಿಳಿಯುವ ತನಕ ಅದರಿಂದ ಕೆಲಸ ತೆಗೆಯಲು ನನ್ನಿಂದಾಗದು. ಇದಕ್ಕೆ ನಾನು ಕುತೂಹಲ ಎನ್ನುತ್ತೇನೆ, ಹೆಂಡತಿ ಸುಧಾ ಮೈಗಳ್ಳತನ ಎನ್ನುತ್ತಾಳೆ. ಮಿಕ್ಸಿ ಕೆಟ್ಟರೆ ಬಿಚ್ಚಿ ನೋಡುತ್ತೇನೆ. ನೋಡಿ ತೃಪ್ತಿಯಾದ ಮೇಲೆ ಹೊಸ ಮಿಕ್ಸಿ ತರುತ್ತೇನೆ. ಸಾಫ್ಟ್‌ವೇರಿನವನಿಗೆ ಕಸುಬಿನಲ್ಲಿ ಬಿಚ್ಚಿ ನೋಡಲು ಏನೂ ಇರುವುದಿಲ್ಲವಲ್ಲ, ಅದಕ್ಕೇ ಮನೆ ಸಾಮಾನಿನ ಮೇಲೆ ಕಣ್ಣು. ತೊಂಬತ್ತರ ದಶಕದಲ್ಲಿ ನಾವು ವಾಷಿಂಗ್ಟನ್ ಪಕ್ಕದ ಹರ್ನ್‌ಡನ್ನಿನಲ್ಲಿದ್ದಾಗ ಹೀಗೇ ಒಂದು ಟ್ರಾಕ್ಟರು ನನ್ನ ಕೈಗೆ ಸಿಕ್ಕಿತು.

ಟ್ರಾಕ್ಟರೆಂದರೆ ಮಂಡ್ಯದ ಕಬ್ಬಿನ ಲೋಡು ನೆನೆಯಬೇಡಿ. ಇದು ಕೂತು ಓಡಿಸುತ್ತಾ ಹುಲ್ಲು ಕತ್ತರಿಸುವ ಪುಟ್ಟ ಯಂತ್ರ. ನಮಗೆ ಮನೆ ಮಾರಿದ ವೃದ್ಧ ದಂಪತಿ ಅದನ್ನೂ, ಅದರ ಹಿಂದೆ ಸಿಕ್ಕಿಸಿ ಒಣಗಿದೆಲೆ ಸಾಗಿಸುವ ಗಾಡಿಯನ್ನೂ, ಹಿಮ ತಳ್ಳುವ ತಗಡನ್ನೂ, ಒಂದು ಜೊತೆ ಕಬ್ಬಿಣದ ಚೈನನ್ನೂ ಗರಾಜಿನಲ್ಲೇ ಬಿಟ್ಟು ಹೋಗಿದ್ದರು. "ಹಿಮ ಬಿದ್ದರೆ ಟೈರಿಗೆ ಇದನ್ನು ಹಾಕಿ" ಎಂದಷ್ಟೇ ಹೇಳಿದ್ದರು. ಅಂದಿನಿಂದ ನನಗೆ ಅದೇ ಯೋಚನೆ. ಚೈನು ಹಾಕಿದರೆ ಗಾಡಿ ಮುಂದೆ ಹೋಗುವುದು ಹೇಗೆ? ನಾನು ಕಂಡಂತೆ ಚೈನು ಇರುವುದೇ ಯಾವುದೂ ಎಲ್ಲಿಗೂ ಹೋಗದಿರಲಿ ಎಂದು. ಆನೆಗೆ ಕಟ್ಟುತ್ತಾರೆ, ನಾಯಿಗೆ ಕಟ್ಟುತ್ತಾರೆ. ರೈಲಿನಲ್ಲಿ ನಮ್ಮಪ್ಪ ಸೀಟಿನ ಕೆಳಗೆ ಸೂಟ್‌ಕೇಸಿಗೆ ಚೈನು ಬಿಗಿದು, ಬೀಗದಕೈ ಎಲ್ಲಿಟ್ಟರೆಂದು ಅರಸೀಕೆರೆ ಬರುವ ತನಕ ಮನೆಮಂದಿಯ ಜೇಬೆಲ್ಲ ತಡಕಾಡಿಸುತ್ತಿದ್ದರು.

ಜನವರಿಯ ಒಂದು ಬೆಳಿಗ್ಗೆ ಎದ್ದು ನೋಡಿದರೆ ಹೊರಗೆ ಗೇಣುದ್ದ ಹಿಮ, ಅದರ ಮೇಲೊಂದು ಪದರ ಐಸು. ಗೇಣು ಹಿಮ ಬಿದ್ದರೆ ಸಾಕು, ಇಡೀ ದೇಶ ಆಳುವ ವಾಷಿಂಗ್ಟನ್ ಬಾಗಿಲು ಹಾಕಿಕೊಂಡು ಮಲಗಿಬಿಡುತ್ತದೆ. ಆಫೀಸಿಗೆ ರಜೆಯೆಂದು ನಾನು ಖುಷಿಯಾಗಿದ್ದೆ. ಆದರೆ ಸುಧಾ ಆಸ್ಪತ್ರೆಯಲ್ಲಿ ಅನಸ್ತೇಸಿಯಾ ಡಾಕ್ಟರು. ಹಿಂದಿನ ದಿನ ಬೆಳಿಗ್ಗೆ ಡ್ಯೂಟಿಗೆ ಹೋದ ಆಕೆಯ ಸಹೋದ್ಯೋಗಿ, ಬದಲಿ ಬಾರದೆ ಇನ್ನೂ ಅಲ್ಲೇ ನಿಂತಿದ್ದರು. ಡಾಕ್ಟರುಗಳನ್ನು ಕರೆದೊಯ್ಯಲು ಯಾರೋ ಪುಣ್ಯಾತ್ಮರು ತಮ್ಮ ಸ್ವಂತ ಜೀಪು ತರುತ್ತಾರೆ, ಆದರೆ ದೊಡ್ಡ ರಸ್ತೆಯ ತನಕ ಮಾತ್ರ ಎಂದು ಆಸ್ಪತ್ರೆಯಿಂದ ಫೋನು ಬಂತು. ನಮ್ಮ ಮನೆಯಿಂದ ಅಲ್ಲಿಗೆ ಬರೀ ಇಳಿಜಾರು.

"ರೀ, ನಡೆದುಕೊಂಡು ಹೋದ್ರೆ ಜಾರಿ ಬಿದ್ದು ಸೊಂಟ ಮುರ್ಕೋತೀನಿ. ಆಮೇಲೆ ಆಸ್ಪತ್ರೆಗೇನೋ ಹೋಗ್ತೀನಿ, ಪೇಷಂಟ್ ಆಗಿ. ಆ ಟ್ರಾಕ್ಟರ್‌ನಾದ್ರೂ ತೆಗೀರಿ" ಎಂದಳು. ಆಪರೇಷನ್ನಿಗೆ ಕಾದಿರುವವರಿದ್ದಾರೆ ಎಂದೂ ಸೇರಿಸಿದಳು. ಗರಾಜಿಗೆ ಓಡಿದೆ.

ಓಡಿದವನು ಚೈನು ಕೈಯಲ್ಲಿ ಹಿಡಿದು ನಿಂತೆ. ಮುಂದಿನ ಚಕ್ರಕ್ಕೋ, ಹಿಂದಿನದಕ್ಕೋ? ಗೆಳೆಯ ರಂಗನಾಥನಿಗೆ ಫೋನು ಮಾಡಿದೆ. ಅವನಿರುವುದು ದಕ್ಷಿಣದ ಜಾರ್ಜಿಯಾ ರಾಜ್ಯದ ಕಮ್ಮಿಂಗಿನಲ್ಲಿ. ಹಿಮವೆಂಬುದನ್ನು ಫ್ರೀಜರಿನಲ್ಲಿ ಮಾತ್ರ ಕಂಡವನು, ಆದರೆ ಗೊತ್ತಿಲ್ಲ ಎಂಬ ಮಾತು ಅವನ ಬಾಯಲ್ಲಿ ಬರುವುದಿಲ್ಲ.

"ಫ್ರಂಟ್‌ಗೇ ಹಾಕ್ಬೇಕು ಕಣೋ. ನಿನ್ನ ಕಾರ್‌ನ ಎಳೆಯೋದು ಯಾವ್ದು? ಫ್ರಂಟ್ ವೀಲ್ ತಾನೆ?" ಎಂದ.

ತರ್ಕ ಸರಿಯಾಗಿತ್ತು. ಮುಂದಿನ ಪುಟಾಣಿ ಚಕ್ರಗಳಿಗೆ ಹಾಕಿದೆ. ಚೈನು ಮೊಳಗಟ್ಟಲೆ ಉಳಿದು ಜೋತುಬಿತ್ತು. ಅದರಿಂದ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ಬೆಳೆಯುವ ಮಕ್ಕಳೆಂದು ಎರಡು ಸೈಜು ದೊಡ್ಡ ಯೂನಿಫಾರಂ ಹೊಲಿಸಿ, ತೋಳು ಮಡಚಿ ಸ್ಕೂಲಿಗೆ ಕಳಿಸುವ ಮನೆಯಲ್ಲಿ ಬೆಳೆದವನು ನಾನು. ಸ್ವಲ್ಪ ದೊಡ್ಡದಿದ್ದರೆ ಒಳ್ಳೆಯದೇ ಎಂದುಕೊಂಡು, ಹೆಚ್ಚಾದ ಚೈನನ್ನು ಮಡಚಿ ಬಟ್ಟೆ ಒಣಹಾಕುವ ಹಗ್ಗದಲ್ಲಿ ಬಿಗಿದೆ. ಅಂಗಳಕ್ಕಿಳಿಸಿ ಆಕ್ಸಿಲರೇಟರ್ ಕೊಟ್ಟೆ. ಹಿಂದಿನ ಚಕ್ರಗಳು ಇದ್ದಲ್ಲೇ ಗಿರಗಿರನೆ ತಿರುಗಿದವು. ಮುಂದಿನವು ಒಡವೆ ಹೇರಿಕೊಂಡ ಮದುಮಗಳಂತೆ ಅಲುಗದೆ ಕೂತವು.

ಸುಧಾ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತಿದ್ದಳು. "ತಿರುಗ್ತಿರೋದು ಹಿಂದಿನ ಚಕ್ರ ಅಲ್ವೇನ್ರೀ? ಮುಂದಿನದಕ್ಯಾಕೆ ಅಲಂಕಾರ?"

"ರಂಗ ಹೇಳ್ದ."

"ಅವ್ರ ಊರಲ್ಲಿ ಹಿಮ ಬೀಳುತ್ತಾ?"

ಚೈನು ಬಿಚ್ಚಿ ಹಿಂದಕ್ಕೆ ಹಾಕಿದೆ. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಕಬ್ಬಿಣದ ಕೊಂಡಿಗಳು ಐಸನ್ನು ಕಚ್ಚಿ ಹಿಡಿದು, ಕರಕರ ಸದ್ದಿನೊಡನೆ ಟ್ರಾಕ್ಟರು ಹೊರಟೇಬಿಟ್ಟಿತು. ಅಷ್ಟು ದಿನದ ಪ್ರಶ್ನೆಗೆ ಉತ್ತರ ಸಿಕ್ಕಿ ನನಗೆ ಕಣ್ಣಲ್ಲಿ ನೀರೇ ಬಂತು. ದಾರಿಯ ಹಿಮ ತಳ್ಳುತ್ತಾ ಕೂರಲು ಹೊತ್ತಿರಲಿಲ್ಲ. ಎಲೆಯ ಗಾಡಿಯನ್ನು ಹಿಂದೆ ಸಿಕ್ಕಿಸಿದೆ. ಡಾಕ್ಟರಮ್ಮ ಕಂಬಳಿ ಹೊದ್ದು ಅದರಲ್ಲಿ ಕೂತಳು. ಅಕ್ಕಪಕ್ಕದವರು ಕಿಟಕಿಯಿಂದ ಕೈಬೀಸಿದರು, ಅವಳೂ ಬೀಸಿದಳು.

ದೊಡ್ಡ ರಸ್ತೆಯಲ್ಲಿ ಜೀಪು ಕಾದಿತ್ತು. ಅದರ ಮಾಲೀಕರು ನಿವೃತ್ತ ಮೇಷ್ಟ್ರು. ಇಳಿದವರೇ ನನ್ನ ಚಕ್ರ ನೋಡಿ, "ಈ ಚೈನು ಎಷ್ಟು ಬಿಗಿಯಿರಬೇಕು?" ಎಂದು ಕೇಳಿದರು. ಇಂಥದೊಂದು ಪ್ರಶ್ನೆಯನ್ನು ಈ ದೇಶದಲ್ಲಿ ನನ್ನನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಇಬ್ಬರೂ ಕುಕ್ಕರುಗಾಲಲ್ಲಿ ಕೂತೆವು. ನಾನು ಕೊಂಡಿ ತೋರಿಸಿದೆ, ಅವರು ಕನ್ನಡಕ ಹಾಕಿಕೊಂಡರು. ಜೀಪಿನ ಹಾರ್ನು ಜೋರಾಗಿ ಕೂಗಿದಾಗ ತಲೆಯೆತ್ತಿದರೆ ಸುಧಾ ಡ್ರೈವರ್ ಸೀಟಿನಲ್ಲಿದ್ದಳು. ಮೇಷ್ಟ್ರು ಓಡಿಹೋಗಿ ಪಕ್ಕದ ಸೀಟು ಹಿಡಿದರು.

ಜೀಪು ಒಂದಿಷ್ಟೂ ಜಾರದೆ ಹೊರಟುಹೋಯಿತು. ಆಗ ಕಂಡಿತು, ಅದರ ಟೈರಿಗೆ ಚೈನೇ ಇರಲಿಲ್ಲ. ಹಾಗಾದರೆ ಅದು ಹೋಗಿದ್ದು ಹೇಗೆ? ಮನೆಗೆ ಬಂದವನೇ ಅದನ್ನು ವಿಚಾರಿಸಲು ರಂಗನಿಗೆ ಫೋನು ಹಚ್ಚಿದೆ. ಮರುದಿನವೂ ಚರ್ಚೆ ಮುಗಿಯಲಿಲ್ಲ. ಅಷ್ಟರಲ್ಲಿ ಹೊರಗೆ ಚುರುಚುರು ಬಿಸಿಲು ಬಿದ್ದು ನಮ್ಮ ಅಂಗಳದ ಹಿಮವೆಲ್ಲ ಕರಗಿ ಹರಿದುಹೋಯಿತು.

ಅಂದು ಸಂಜೆ ಸುಧಾ ದಣಿದು ಬಂದಳು. ಆಪರೇಷನ್ನುಗಳೆಲ್ಲ ಸುಸೂತ್ರವಾಗಿದ್ದವಂತೆ. ತೊಳೆದಿಟ್ಟಂತಿದ್ದ ಅಂಗಳವನ್ನು ನೋಡಿದಳು, ಮಧ್ಯದಲ್ಲಿ ನಿಂತ ಟ್ರಾಕ್ಟರನ್ನು ನೋಡಿದಳು. "ಪಾಪ, ಇಷ್ಟೂ ಹಿಮ ಒಬ್ರೇ ತೆಗೆದ್ರಾ? ಕೂತ್ಕೊಳಿ, ಕಾಫಿ ಮಾಡ್ತೀನಿ" ಎಂದಳು.

ಯಾವುದು ಹೇಗಾಯಿತೆಂದು ವಿವರಿಸದೆ ನಾನು ಸುಮ್ಮನಿದ್ದದ್ದು ಜೀವಮಾನದಲ್ಲಿ ಅದೊಂದೇ ಸಲ.