ಇಪ್ಪತ್ತೊಂಬತ್ತನೆಯ ಪಾಯಿಂಟು

ಬಿಂದುಮಾಧವನಿಗೆ ರಾಯಚೂರಿಗೆ ವರ್ಗವಾದ ಕಾಗದ ಬಂದದ್ದು ಬೆಳಗ್ಗೆ ಹತ್ತೂವರೆಗೆ. ಹನ್ನೊಂದರ ಹೊತ್ತಿಗೆ ಕಚೇರಿಯ ಹದಿನಾಲ್ಕು ಜನರೂ ಅವನಿಗೆ ಬುದ್ಧಿ ಹೇಳಿ ಮುಗಿಸಿದ್ದರು. ಅದು ೧೯೫೮ನೆಯ ಇಸವಿ. ರಾಜ್ಯ ದೊಡ್ಡದಾಗಿ ಎರಡು ವರ್ಷವಾಗಿತ್ತು. ಮೈಸೂರಿನ ಗುಮಾಸ್ತರಿಗೆ ರಾಯಚೂರೆಂದರೆ ಕಾಶಿಗಿಂತ ದೂರ.

ಮಧ್ಯಾಹ್ನ ಊಟಕ್ಕೆ ನಜರ್‌ಬಾದಿನ ಮನೆಗೆ ಹೋಗಿ ಸುದ್ದಿ ಹೇಳಿದರೆ, ತಾಯಿ ಭಾಗ್ಯಮ್ಮ ಕಡ್ಡಿ ಮುರಿದಂತೆ ಹೇಳಿಬಿಟ್ಟರು.

"ನಾನು ಬರೋದಿಲ್ಲ ಕಣೋ. ಚಾಮುಂಡಿ ಬೆಟ್ಟಕ್ಕೆ ಕೈ ಮುಗೀದೆ ಒಂದಿನ ಕಾಫಿ ಕುಡಿದೋಳಲ್ಲ. ಅಲ್ಲಿ ಯಾವ ಬೆಟ್ಟ ಹುಡುಕ್ಕೊಂಡು ಹೋಗ್ಲಿ?"

ತಾಯಿಯನ್ನು ಬಿಟ್ಟು ಹೋಗುವ ಮಗ ಅವನಲ್ಲ. ಏನೇ ಆಗಲಿ, ಊರು ಬಿಡುವುದಿಲ್ಲ ಎಂದು ಹಲ್ಲು ಕಚ್ಚಿ ನಿಶ್ಚಯಿಸಿದ.

ದಾರಿ ತೋರಿಸಿದವರು ಹೆಡ್ ಗುಮಾಸ್ತ ಚಾಮಯ್ಯನವರು. "ಸಾಯಂಕಾಲ ಬ್ಯಾಡ್ಮಿಂಟನ್ ಫೈನಲ್ ಐತಲ್ಲ ಸ್ವಾಮಿ, ಸಾಹೇಬ್ರ ಮುಂದೆ ಸೋತ್ಬುಡಿ. ಗೆದ್ದ ಖುಷೀಲಿರೋವಾಗ ಕಾಗದ ಮುಂದಿಡಿ. ಒಂದು ಸಾಲು ಬರೆದ್ರೆ ವರ್ಗ ವಜಾ!"

ಕಚೇರಿಯ ಹಿಂದಿನ ಅಂಗಳದಲ್ಲಿ ದಿನಾ ಸಂಜೆ ಬಾಲ್ ಬ್ಯಾಡ್ಮಿಂಟನ್ ನಡೆಯುತ್ತಿತ್ತು. ಅಲ್ಲಿ ಯಾರೂ ಬರೆದಿಡದ ಒಂದು ಕಾನೂನಿತ್ತು: ಸಾಹೇಬರು ಸೋಲಬಾರದು. ದೊರೆಸ್ವಾಮಿ ಸಾಹೇಬರು ಬೀಸಿದ ಬ್ಯಾಟು ಉಣ್ಣೆಚೆಂಡಿಗಿಂತ ಗಾಳಿಗೇ ಹೆಚ್ಚು ತಾಗುತ್ತಿತ್ತು. ಆದರೂ ಮೂರು ವರ್ಷದಿಂದ ಅವರೇ ಚಾಂಪಿಯನ್. ಹೋದ ವರ್ಷದ ಫೈನಲ್ ಆದಮೇಲೆ ಕಚೇರಿಗೆ ಸೇರಿದ ಬಿಂದುಮಾಧವ ಮಾತ್ರ ಚಿಕ್ಕಂದಿನಿಂದ ಆಡಿ ಬೆಳೆದವನು. ಅವನಿಗೆ ಸೋಲುವ ಅಭ್ಯಾಸವೇ ಇರಲಿಲ್ಲ.

ಆಟ ಶುರುವಾಯಿತು. ಅಂಪೈರು ಚಾಮಯ್ಯನವರೇ. ಬಿಂದುಮಾಧವ ಕೈಗೆ ಸಿಗುವ ಚೆಂಡನ್ನೆಲ್ಲ ಬಿಟ್ಟ, ಪಕ್ಕಕ್ಕೆ ಹೊಡೆದ, ಎಡವಿದಂತೆ ನಟಿಸಿ ನಿಜವಾಗಿಯೂ ಎಡವಿ ಮಂಡಿ ತರಚಿಕೊಂಡ. ಆದರೆ ಸಾಹೇಬರು ಅಂದು ಎಂದೂ ಕಾಣದಷ್ಟು ಕೆಟ್ಟದಾಗಿ ಆಡಿದರು. ಇವನು ಹೂವಿನಂತೆ ಎತ್ತಿಕೊಟ್ಟ ಚೆಂಡನ್ನೂ ನೋಡುತ್ತ ನಿಂತರು. ಒಂದನ್ನಂತೂ ಗೇಟಿನಾಚೆ ಎಮ್ಮೆಯ ಬೆನ್ನಿಗೆ ಹೊಡೆದರು.

"ಈ ಮನುಷ್ಯನ ಕೈಲಿ ಸೋಲೋದು ಇಷ್ಟು ಕಷ್ಟವೇ!" ಎಂದು ಬಿಂದುಮಾಧವ ಬೆವರು ಒರೆಸಿಕೊಂಡ. ಪಟ್ಟು ಮಾತ್ರ ಬಿಡಲಿಲ್ಲ.

ಇಪ್ಪತ್ತೊಂಬತ್ತಕ್ಕೆ ಆಟ; ಇಬ್ಬರಿಗೂ ಇಪ್ಪತ್ತೆಂಟಾಯಿತು. ಸಾಹೇಬರ ಸರ್ವ್. ಚೆಂಡು ನೆಟ್ಟಿನ ಅಂಚು ಸವರಿ, ಈಚೆ ಬೀಳಲೋ ಆಚೆ ಬೀಳಲೋ ಎಂದು ಯೋಚಿಸಿ, ಬಿಂದುಮಾಧವನ ಕಡೆಗೆ ಬಂತು. ಎಳೆಮಗುವೂ ಹಿಂದಿರುಗಿಸಬಹುದಾದ ಚೆಂಡು! ಅವನು "ಅಯ್ಯೋ ಕಾಲು!" ಎಂದು ಕಿರುಚಿ, ಬ್ಯಾಟು ಎಸೆದು, ಕೂತೇಬಿಟ್ಟ.

ಚೆಂಡು ನೆಲಕ್ಕೆ ಬಿತ್ತು. "ಗೇಮ್! ಸಾಹೇಬ್ರು ಗೆದ್ರು!" ಎಂದು ಚಾಮಯ್ಯ ಕುಣಿದರು.

ಸಾಹೇಬರ ಮುಖ ಮಾತ್ರ ಹರಳೆಣ್ಣೆ ಕುಡಿದಂತಾಯಿತು. ಬಿಂದುಮಾಧವ ಕುಂಟುತ್ತಾ ಹೋಗಿ ಕಾಗದ ಚಾಚಿದ. "ಸಾರ್, ನನ್ನ ವರ್ಗ ಒಂದು..."

"ನನ್ನ ಕೈಲೇನಿದೆ ಕಣ್ರೀ?" ಎಂದು ಸಾಹೇಬರು ತಲೆ ಚಚ್ಚಿಕೊಂಡರು. "ಈ ಸಲ ಗೆದ್ದೋನನ್ನ ಒಂದು ವರ್ಷ ಎಲ್ಲಿಗೂ ವರ್ಗ ಮಾಡಬೇಡಿ, ಮೈಸೂರು ಟೀಮಿಗೆ ಆಡಿಸಿ ಅಂತ ಮಧ್ಯಾಹ್ನ ಮೇಲಿಂದ ಹುಕುಂ ಬಂತು. ನನಗೂ ಬೆಂಗಳೂರಿಗೆ ವರ್ಗ ಆಗಿತ್ತು. ನಾಲ್ಕು ವರ್ಷ ಕಾದು ಗಿಟ್ಟಿಸಿದ್ದು! ಮನೇಲಿ ಪಾತ್ರೆಪಡಗ ಎಲ್ಲ ಮೂಟೆ ಕಟ್ಟಾಗಿದೆ."

"ಮೊದಲೇ ಹೇಳಬಾರದಿತ್ತೆ ಸಾರ್?"

"ಹೇಳಿದ್ರೆ ಬೇಕೂಂತ ಸೋತ ಅಂತ ಜನ ಆಡ್ಕೊಳ್ಳೋದಿಲ್ವೇನ್ರೀ? ಆ ಎಮ್ಮೆಗೆ ಬೇರೆ ಹೊಡೆದೆ. ನೀವು ಗೆದ್ದಿದ್ರೆ ನೀವಿಲ್ಲಿ, ನಾನು ಬೆಂಗಳೂರು. ಈಗ ನಾನಿಲ್ಲಿ, ನೀವು ರಾಯಚೂರು. ಇಂಥಾ ದಿನವೇ ಸೋಲಿ ಅಂತ ಯಾವ ಮಹಾನುಭಾವ ಹೇಳಿಕೊಟ್ಟನ್ರೀ ನಿಮಗೆ?"

ಬಿಂದುಮಾಧವ ತಿರುಗಿ ನೋಡಿದ. ಗೆದ್ದ ಸಾಹೇಬರ ಕೊರಳಿಗೆ ಹಾಕಲು ಮಾರುದ್ದದ ಮಲ್ಲಿಗೆ ಹಾರ ಹಿಡಿದು, ಚಾಮಯ್ಯನವರು ಹಲ್ಲು ಕಿರಿಯುತ್ತ ಓಡಿ ಬರುತ್ತಿದ್ದರು.